ಕರುಳಿಗೆ ನೀರು ತುಂಬಿ ಪಾಲಿಪ್ ತೆಗೆಯುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ದೊಡ್ಡ ಕರುಳಿನ ಪಾಲಿಪ್‌ಗಳ (ಕರುಳಿನ ಒಳಪೊರೆಯಲ್ಲಿ ಬೆಳೆಯುವ ಗಂಟುಗಳ) ಬಗ್ಗೆ ಬರೆಯುವಾಗ, ಅವುಗಳಲ್ಲಿ ಕೆಲವನ್ನು ಕರುಳಿಗೆ ನೀರು ತುಂಬಿ ನೀರಿನೊಳಗೇ ಕತ್ತರಿಸಿ ತೆಗೆಯಬಹುದು ಎಂದು ಒಂದೇ ಸಾಲು ಬರೆದಿದ್ದೆ. ಪತ್ರಗಳು ಹೆಚ್ಚಾಗಿ ಬಂದಿರುವುದು ಆ ಸಾಲಿನ ಬಗ್ಗೆಯೇ, ಅದರಲ್ಲೂ ನಮ್ಮ ಕೋಲಾರ ಜಿಲ್ಲೆಯಿಂದ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮಾನ್ಯ ಡಾಕ್ಟರೇ, ನಮ್ಮ ತಂದೆಗೆ 61 ವರ್ಷ. ರಾಗಿ, ಟೊಮ್ಯಾಟೊ ಬೆಳೆಯುತ್ತಾರೆ. ಎರಡು ವರ್ಷದಿಂದ ಆಗಾಗ ಮಲದಲ್ಲಿ ರಕ್ತ ಕಾಣಿಸುತ್ತಿತ್ತು. ಮೂಲವ್ಯಾಧಿ ಇರಬೇಕೆಂದು ನಾಟಿ ಔಷಧಿ, ಮುಲಾಮು ಎಲ್ಲ ಆಯಿತು. ಈಗ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಯಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದಾಗ ಸಿಗ್ಮಾಯ್ಡ್ ಎಂಬ ಭಾಗದಲ್ಲಿ 18 ಮಿಲಿಮೀಟರಿನ ಚಪ್ಪಟೆ ಪಾಲಿಪ್ ಇದೆ ಎಂದರು. ಕರುಳಿಗೆ ನೀರು ತುಂಬಿ, ಕರೆಂಟ್ ಕೊಟ್ಟು ತೆಗೆಯುತ್ತಾರಂತೆ. ನೀರು, ಕರೆಂಟ್ ಎರಡನ್ನೂ ಒಟ್ಟಿಗೆ ಕೇಳಿದ ಅಪ್ಪ ಹೆದರಿ ಊರಿಗೆ ಬಂದುಬಿಟ್ಟಿದ್ದಾರೆ. ಒದ್ದೆ ಕೈಯಲ್ಲಿ ಮೋಟಾರಿನ ಹತ್ತಿರ ಹೋಗಬೇಡಿ ಎಂದು ನಮಗೆಲ್ಲ ಬುದ್ಧಿ ಹೇಳಿದವರು ಅವರೇ. ಹೊಟ್ಟೆ ಕೊಯ್ದು ತೆಗೆಸುವುದೇ ಕ್ಷೇಮವಲ್ಲವೇ?
(ಓದುಗಿ, ಮುಳಬಾಗಿಲು ತಾಲ್ಲೂಕು)

ಉತ್ತರ: ನಿಮ್ಮ ತಂದೆಯ ಭಯಕ್ಕೆ ಮೊದಲು ಉತ್ತರ ಕೊಡುತ್ತೇನೆ ತಾಯಿ. ಅದು ತಿಳಿವಳಿಕೆಯಿಂದ ಹುಟ್ಟಿದ ಭಯ, ಯಾರೂ ಅದನ್ನು ಹಗುರವಾಗಿ ಕಾಣಬಾರದು. ಮೋಟಾರಿಗೆ ಬರುವ ಕರೆಂಟಿನ ಆವರ್ತನ 50 ಹರ್ಟ್ಸ್. ಒದ್ದೆ ಕೈಯಿಂದ ಒಳಹೊಕ್ಕು ನೆಲಕ್ಕೆ ಇಳಿಯುವ ದಾರಿಯಲ್ಲಿ ಅದು ನರಗಳನ್ನೂ ಹೃದಯವನ್ನೂ ಕೆರಳಿಸುತ್ತದೆ. ಪಾಲಿಪ್ ತೆಗೆಯುವ ಯಂತ್ರದ ವಿದ್ಯುತ್ತಿನ ಆವರ್ತನ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಅಷ್ಟು ವೇಗದ ಏರಿಳಿತಕ್ಕೆ ನರಗಳು, ಸ್ನಾಯುಗಳು ಪ್ರತಿಕ್ರಿಯಿಸುವುದಿಲ್ಲ. ತೆಳುವಾದ ತಂತಿಯ ಕುಣಿಕೆಯಿಂದ ಹೊರಟ ಆ ವಿದ್ಯುತ್ತು ತೊಡೆಗೆ ಅಂಟಿಸಿದ ಅಗಲವಾದ ಪ್ಯಾಡಿನ ಮೂಲಕ ಯಂತ್ರಕ್ಕೇ ಹಿಂದಿರುಗುತ್ತದೆ. ಕುಣಿಕೆ ಬಿಗಿದಿರುವ ಕಿರಿದಾದ ಜಾಗದಲ್ಲಿ ಮಾತ್ರ ಕತ್ತರಿಸುವಷ್ಟು ಬಿಸಿ ಹುಟ್ಟುತ್ತದೆ. ಸುತ್ತಲಿನ ನೀರು ಆ ಬಿಸಿಯಲ್ಲಿ ಒಂದಿಷ್ಟನ್ನು ಹೀರಿಕೊಂಡು ಅಕ್ಕಪಕ್ಕವನ್ನು ತಂಪಾಗಿಡುತ್ತದೆಯೇ ಹೊರತು ಷಾಕ್ ಕೊಡುವುದಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡಿದ್ದರೆ ಮಾತ್ರ ವೈದ್ಯರಿಗೆ ಮೊದಲೇ ತಿಳಿಸಬೇಕು. ಅಂಥವರಿಗೆ ಬೇರೆ ಎಚ್ಚರಿಕೆಗಳಿವೆ.

ಇನ್ನು ನೀರು ಏಕೆ ಎಂಬುದು. ದೊಡ್ಡ ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅಷ್ಟರಲ್ಲೇ ಒಳಗಡೆ ಲೋಳೆಪೊರೆ, ಅದರ ಕೆಳಗೆ ರಕ್ತನಾಳಗಳಿರುವ ಸಡಿಲ ಪದರ, ಅದರಾಚೆ ಸ್ನಾಯುಪದರ ಇವೆ. ಪಾಲಿಪ್ ಹುಟ್ಟುವುದು ಲೋಳೆಪೊರೆಯಲ್ಲಿ. ಅದನ್ನು ಬುಡಸಮೇತ ಕತ್ತರಿಸಬೇಕು, ಸ್ನಾಯುಪದರವನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ಕರುಳು ತೂತಾಗಬಹುದು. ತೊಟ್ಟು ಇರುವ ಪಾಲಿಪ್‌ನಲ್ಲಿ ಇದು ಸುಲಭ. ತೊಟ್ಟಿಗೆ ಕುಣಿಕೆ ಹಾಕಿದರಾಯಿತು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯ ಮತ್ತು ವಿಲಿಯಂ ವುಲ್ಫ್ ಹೊಟ್ಟೆ ಕೊಯ್ಯದೆ ಕೊಲೊನೋಸ್ಕೋಪಿನ ಮೂಲಕವೇ ಪಾಲಿಪ್ ತೆಗೆಯಲು ಆರಂಭಿಸಿದ ಮೇಲೆ ಆ ದಾರಿ ಎಲ್ಲರಿಗೂ ತೆರೆಯಿತು. ನಿಮ್ಮ ತಂದೆಯದು ಚಪ್ಪಟೆ ಪಾಲಿಪ್, ಗೋಡೆಗೆ ಹರಡಿಕೊಂಡಿದೆ. ಕಷ್ಟ ಇರುವುದು ಇಲ್ಲಿ.

ಇಂಥವಕ್ಕೆ 1970ರ ದಶಕದಿಂದ ನಡೆದುಬಂದ ಪದ್ಧತಿ ಎಂದರೆ ಪಾಲಿಪ್‌ನ ಕೆಳಗೆ ಸೂಜಿಯಿಂದ ಸಲೈನ್ ಚುಚ್ಚುವುದು. ಸಡಿಲ ಪದರ ಉಬ್ಬಿ ದಿಂಬಾಗುತ್ತದೆ, ಪಾಲಿಪ್ ಮೇಲೇಳುತ್ತದೆ, ಆಗ ಕುಣಿಕೆ ಹಾಕುವುದು. ನಾನು ಕಲಿತದ್ದೂ ಇದನ್ನೇ. ಇಂದಿಗೂ ಇದು ಒಳ್ಳೆಯ ಪದ್ಧತಿ. ಆದರೆ ಒಳಗೆ ನೋಡಲೆಂದು ಗಾಳಿ ಅಥವಾ ಕಾರ್ಬನ್ ಡೈಆಕ್ಸೈಡ್ ತುಂಬಿದಾಗ ಕರುಳಿನ ಗೋಡೆ ಹಿಗ್ಗಿ, ಎಳೆದು ಕಟ್ಟಿದಂತಾಗಿ, ಇನ್ನಷ್ಟು ತೆಳುವಾಗುತ್ತದೆ. ಚುಚ್ಚಿದ ದ್ರವ ಬೇಗನೆ ಹರಡಿಹೋಗುತ್ತದೆ. ಕೆಲವೊಮ್ಮೆ ಉಬ್ಬಿದ ದಿಂಬಿನ ಮೇಲೆ ಪಾಲಿಪ್ ಇನ್ನೂ ಅಗಲವಾಗಿ ಬಿಗಿದುಕೊಂಡು ಕುಣಿಕೆ ಜಾರುತ್ತದೆ. ಹಿಂದೆ ಅರ್ಧಂಬರ್ಧ ತೆಗೆದು ಕಲೆ ಕಟ್ಟಿದ ಜಾಗವಾದರೆ ಎಷ್ಟು ಚುಚ್ಚಿದರೂ ಏಳುವುದೇ ಇಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕೆನೆತ್ ಬಿನ್‌ಮೊಲರ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಸೂಜಿಯೂ ಇಲ್ಲ, ಗಾಳಿಯೂ ಇಲ್ಲ. ಎಂಡೋಸ್ಕೋಪಿನ (ಒಳಗೆ ನೋಡುವ ಕೊಳವೆಯ) ತುದಿಗೆ ಅಲ್ಟ್ರಾಸೌಂಡ್ ಅಳವಡಿಸಿ ಕರುಳನ್ನು ನೋಡುವವರು ಮೊದಲಿನಿಂದಲೂ ಒಳಗೆ ನೀರು ತುಂಬಿಕೊಂಡೇ ನೋಡುತ್ತಾರೆ. ಹಾಗೆ ನೋಡುವಾಗ ಸ್ನಾಯುಪದರ ಹೊರಗಡೆ ದುಂಡಗೆ ನಿಂತಿರುತ್ತದೆ, ಲೋಳೆಪೊರೆ ಮತ್ತು ಅದರ ಕೆಳಗಿನ ಸಡಿಲ ಪದರ ಮಾತ್ರ ಮಡಿಕೆಗಳಾಗಿ ಒಳಕ್ಕೆ ತೇಲಿರುತ್ತವೆ. ಕೆರೆಯ ಬಳಿ ಬಟ್ಟೆ ಒಗೆದವರಿಗೆ ಇದು ಅರ್ಥವಾಗುತ್ತದೆ: ಒದ್ದೆ ಸೀರೆ ಬಂಡೆಗೆ ಅಂಟಿ ಕೂರುತ್ತದೆ, ಅದೇ ಬಂಡೆ ನೀರಿನಡಿ ಇದ್ದರೆ ಸೀರೆ ತಾನಾಗಿ ಎದ್ದು ತೇಲುತ್ತದೆ. ಚುಚ್ಚಿ ಪಡೆಯಬೇಕಾಗಿದ್ದ ಅಂತರವನ್ನು ನೀರು ಚುಚ್ಚದೆಯೇ ಕೊಡುತ್ತದೆ. ತೇಲಿಬಂದ ಪಾಲಿಪ್‌ಗೆ ಸುತ್ತಲಿನ ಆರೋಗ್ಯಕರ ಪೊರೆಯನ್ನೂ ಸ್ವಲ್ಪ ಸೇರಿಸಿ ಕುಣಿಕೆ ಬಿಗಿಯುತ್ತಾರೆ. ಆ ಮೊದಲ ವರದಿಯಲ್ಲಿ 60 ಜನರ 62 ದೊಡ್ಡ ಪಾಲಿಪ್‌ಗಳನ್ನು ಹೀಗೆ ತೆಗೆದಿದ್ದರು. ಒಬ್ಬರಿಗೂ ಕರುಳು ತೂತಾಗಲಿಲ್ಲ. ಕಣ್ಣೆದುರಿಗೇ ಇದ್ದ ಒಂದು ಸಂಗತಿಯನ್ನು ಹೀಗೆ ಗಮನಿಸಿ ಬಳಕೆಗೆ ತಂದದ್ದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಇದಕ್ಕೆ ದುಬಾರಿಯಾದ ಹೊಸ ಯಂತ್ರ ಬೇಕಿಲ್ಲ, ಕೊಲೊನೋಸ್ಕೋಪ್, ಕುಣಿಕೆ, ನೀರು ಹಾಯಿಸುವ ಪಂಪ್ ಇದ್ದರೆ ಸಾಕು. ನಮ್ಮಂಥ ಜಿಲ್ಲೆಗಳಿಗೆ ಅದು ಸಣ್ಣ ಮಾತಲ್ಲ.

ನಿಮ್ಮ ತಂದೆಯ ಪಾಲಿಪ್ 18 ಮಿಲಿಮೀಟರ್ ಎಂದು ಬರೆದಿದ್ದೀರಿ. ಸರಿಯಾಗಿ ಈ ಗಾತ್ರಕ್ಕೇ ಒಂದು ಒಳ್ಳೆಯ ಅಧ್ಯಯನವಿದೆ. 2019ರಲ್ಲಿ ಪ್ರಕಟವಾದದ್ದು, ಜಪಾನಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿದ್ದು. 10ರಿಂದ 20 ಮಿಲಿಮೀಟರಿನ ಪಾಲಿಪ್‌ಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ನೀರು ತುಂಬಿ, ಇನ್ನೊಂದರಲ್ಲಿ ಸಲೈನ್ ಚುಚ್ಚಿ ತೆಗೆದರು. ಒಂದೇ ತುಂಡಾಗಿ ಹೊರಬಂದದ್ದು ನೀರಿನ ಪದ್ಧತಿಯಲ್ಲಿ ಶೇ 89, ಚುಚ್ಚುವ ಪದ್ಧತಿಯಲ್ಲಿ ಶೇ 75. ಒಂದೇ ತುಂಡಾಗಿ ಬಂದು, ಅದರ ಅಂಚಿನಲ್ಲಿ ಪಾಲಿಪ್‌ನ ಅಂಶ ಉಳಿದಿಲ್ಲ ಎಂದು ಪ್ರಯೋಗಾಲಯದಲ್ಲಿ ಖಚಿತವಾದದ್ದು ಶೇ 69 ಮತ್ತು ಶೇ 50. ಒಂದೇ ತುಂಡಾಗಿ ಬಂದರೆ ಅದರ ಬುಡದಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ರೋಗಶಾಸ್ತ್ರಜ್ಞರು ನಿಖರವಾಗಿ ಹೇಳಬಲ್ಲರು, ಮತ್ತೆ ಬೆಳೆಯುವ ಸಾಧ್ಯತೆಯೂ ಕಡಿಮೆ.

ಹೊಟ್ಟೆ ಕೊಯ್ಯುವುದು ಯಾವಾಗ ಬೇಕು? ಪಾಲಿಪ್‌ನ ಮೇಲ್ಮೈ ನೋಡಿದರೆ ಕ್ಯಾನ್ಸರ್ ಆಳಕ್ಕೆ ಇಳಿದಿರುವಂತೆ ಕಂಡಾಗ, ಅಥವಾ ತೆಗೆದ ತುಂಡಿನ ವರದಿ ಹಾಗೆ ಹೇಳಿದಾಗ. ಅಂಥ ಲಕ್ಷಣವಿಲ್ಲದ 18 ಮಿಲಿಮೀಟರಿನ ಪಾಲಿಪ್‌ಗೆ ಕರುಳಿನ ಭಾಗವನ್ನೇ ಕತ್ತರಿಸುವುದು ನಿಮ್ಮ ತಂದೆಗೆ ಅನ್ಯಾಯವಾಗುತ್ತದೆ. ನೀರಿನ ಪದ್ಧತಿಯಲ್ಲಿ ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ರಕ್ತಸ್ರಾವ ಆಗಬಹುದು, ಅಪರೂಪಕ್ಕೆ ತೂತೂ ಆಗಬಹುದು. ಹೆಚ್ಚಿನವನ್ನು ಅಲ್ಲಿಯೇ ಲೋಹದ ಪುಟ್ಟ ಕ್ಲಿಪ್ ಹಾಕಿ ಸರಿಪಡಿಸುತ್ತಾರೆ. ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ: ಆಳಕ್ಕೆ ಇಳಿದ ಲಕ್ಷಣ ಕಾಣುತ್ತಿದೆಯೇ, ಒಂದೇ ತುಂಡಾಗಿ ತೆಗೆಯಲು ಆಗುತ್ತದೆಯೇ? ಈ ಪ್ರಶ್ನೆ ಕೇಳಿದ ರೋಗಿಯ ಮೇಲೆ ಯಾವ ಒಳ್ಳೆಯ ವೈದ್ಯರೂ ಸಿಡುಕುವುದಿಲ್ಲ.

ಮೂಲವ್ಯಾಧಿಯ ಮಾತನ್ನು ಹೇಳದೆ ಈ ಪತ್ರವನ್ನು ಬಿಡಲಾರೆ. 45 ದಾಟಿದವರ ಮಲದಲ್ಲಿ ರಕ್ತ ಕಂಡರೆ, ಮೂಲವ್ಯಾಧಿ ಕಣ್ಣಿಗೆ ಕಾಣುವಂತಿದ್ದರೂ, ಒಳಗೆ ನೋಡಿಸದೆ ಅದಕ್ಕೆ ಮೂಲವ್ಯಾಧಿಯ ಹೆಸರಿಡಬಾರದು. ಎರಡೂ ಒಟ್ಟಿಗೆ ಇರಬಹುದು. ನಿಮ್ಮ ತಂದೆಯ ವಿಷಯದಲ್ಲಿ ಎರಡು ವರ್ಷ ಕಳೆದಿದೆ, ಇನ್ನೊಂದು ಟೊಮ್ಯಾಟೊ ಬೆಳೆ ಮುಗಿಯಲಿ ಎಂದು ಮುಂದೂಡಬೇಡಿ. ಈ ವಾರವೇ ದಿನ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಕೋಲಾರದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ನಾವು ಕುಡಿಯಲೂ ಯೋಚಿಸುತ್ತೇವೆ. ಕರುಳಿಗೆ ಯಾವ ನೀರು ತುಂಬುತ್ತಾರೆ? ಅದು ಒಳಗೇ ಉಳಿದರೆ?
(ಓದುಗರು, ಮಾಲೂರು)

ಉತ್ತರ: ಕೊಳವೆಬಾವಿಯ ನೀರನ್ನಲ್ಲ. ಸೋಂಕುರಹಿತಗೊಳಿಸಿ ಮುಚ್ಚಿದ ನೀರು ಅಥವಾ ಸಲೈನನ್ನು ಬಳಸುತ್ತಾರೆ, ಸಾಮಾನ್ಯವಾಗಿ ಮೈಬಿಸಿಗೆ ಹತ್ತಿರವಾಗಿ. ತಣ್ಣಗಿದ್ದರೆ ಕರುಳು ಸೆಟೆದುಕೊಳ್ಳುತ್ತದೆ. ತುಂಬುವುದು ಇಡೀ ಕರುಳಿಗಲ್ಲ, ಪಾಲಿಪ್ ಇರುವ ಭಾಗಕ್ಕೆ ಮಾತ್ರ. ಕೆಲಸ ಮುಗಿದ ಮೇಲೆ ಕೊಲೊನೋಸ್ಕೋಪಿನ ಕೊಳವೆಯಿಂದಲೇ ಬಹುಪಾಲನ್ನು ಹೀರಿ ತೆಗೆಯುತ್ತಾರೆ. ಉಳಿದ ಸ್ವಲ್ಪವನ್ನು ನಿಭಾಯಿಸುವುದು ದೊಡ್ಡ ಕರುಳಿಗೆ ಕಷ್ಟವಲ್ಲ, ದಿನವೂ ಒಂದು ಲೀಟರಿಗೂ ಹೆಚ್ಚು ನೀರನ್ನು ಹೀರಿಕೊಳ್ಳುವುದೇ ಅದರ ಕೆಲಸ. ಹೃದಯ ದುರ್ಬಲವಾಗಿರುವವರು, ಡಯಾಲಿಸಿಸ್‌ನಲ್ಲಿರುವವರು ಮಾತ್ರ ಮೊದಲೇ ತಿಳಿಸಬೇಕು.

ನಿಮ್ಮ ಆತಂಕ ಸರಿಯಾದದ್ದೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೂ 1.5 ದಾಟಬಾರದು. ಆದರೆ ಅದು ಹಲ್ಲು, ಮೂಳೆಗಳ ಪ್ರಶ್ನೆ. ಇನ್ನೊಂದು ಸಂಚಿಕೆಯಲ್ಲಿ ಅದಕ್ಕೆ ಸರಿಯಾದ ಜಾಗ ಕೊಡುತ್ತೇನೆ.

ಪ್ರಶ್ನೆ: ನನಗೆ 57 ವರ್ಷ. ಸಕ್ಕರೆ ಕಾಯಿಲೆ ಇದೆ, ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಪಾಲಿಪ್ ತೆಗೆಸಲು ಬೆಳಿಗ್ಗೆ ಒಂಬತ್ತು ಗಂಟೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿರಬೇಕು. ಕರುಳು ಖಾಲಿ ಮಾಡುವ ಪುಡಿ ಕೊಟ್ಟು ಒಂದು ಚೀಟಿ ಬರೆದುಕೊಟ್ಟಿದ್ದಾರೆ, ಅದರಲ್ಲಿ ‘ನಾರು ಕಡಿಮೆ ಇರುವ ಆಹಾರ’ ಎಂದಷ್ಟೇ ಇದೆ. ಏನು ತಿನ್ನಬೇಕು?
(ಓದುಗರು, ಬಂಗಾರಪೇಟೆ)

ಉತ್ತರ: ಆ ಚೀಟಿಯಲ್ಲಿ ನಮ್ಮ ಕಡೆಯ ಊಟದ ಹೆಸರುಗಳಿಲ್ಲದಿರುವುದು ನನಗೆ ಬೇಸರದ ಸಂಗತಿ. ನೀರಿನ ಪದ್ಧತಿಯಲ್ಲಿ ಕರುಳು ಶುಚಿಯಾಗಿರುವುದು ಇನ್ನಷ್ಟು ಮುಖ್ಯ. ಗಾಳಿ ತುಂಬಿದಾಗ ಅಲ್ಲಲ್ಲಿ ಮಲ ಉಳಿದಿದ್ದರೂ ಪಕ್ಕಕ್ಕೆ ಸರಿಸಿ ನೋಡಬಹುದು, ನೀರಿನಲ್ಲಿ ಅದು ಕದಡಿ ಎಲ್ಲವೂ ಮಸುಕಾಗುತ್ತದೆ. ನೀರು ತಿಳಿಯಾಗಿದ್ದರೆ ಪಾಲಿಪ್‌ನ ಅಂಚು ಗಾಳಿಯಲ್ಲಿ ಕಾಣುವುದಕ್ಕಿಂತ ದೊಡ್ಡದಾಗಿ, ಬೆಳಕಿನ ಹೊಳಪಿಲ್ಲದೆ ಕಾಣುತ್ತದೆ. ಅರ್ಧ ಕೆಲಸ ನಿಮ್ಮ ಅಡುಗೆಮನೆಯಲ್ಲೇ ಆಗಬೇಕು.

ಎರಡು ಮೂರು ದಿನ ಮೊದಲಿನಿಂದ ರಾಗಿ ಮುದ್ದೆ, ರಾಗಿ ಗಂಜಿ ಬೇಡ. ರಾಗಿಯ ಹೊಟ್ಟು ಕರುಳಿನ ಗೋಡೆಗೆ ಅಂಟಿ ಉಳಿಯುತ್ತದೆ. ಅವರೆಕಾಳು ಸಾರು, ಹುರುಳಿ ಸಾರು, ಬಸ್ಸಾರು, ಮಸ್ಸೊಪ್ಪು ಯಾವುದೂ ಬೇಡ. ಟೊಮ್ಯಾಟೊ ಸಿಪ್ಪೆ ಮತ್ತು ಬೀಜ, ಸೀಬೆಕಾಯಿ, ದ್ರಾಕ್ಷಿ, ಹಲಸು, ಶ್ರೀನಿವಾಸಪುರದ ಮಾವು ಎಲ್ಲವನ್ನೂ ಪಕ್ಕಕ್ಕಿಡಿ. ಸೊಪ್ಪು ಸಾರು ಮುದ್ದೆಯ ಮೇಲೆ ಬೆಳೆದ ನಾಡಿಗೆ ಇದು ಕಠಿಣ ಆಜ್ಞೆ ಎಂದು ಬಲ್ಲೆ. ಬಿಳಿ ಅನ್ನ, ಮೊಸರು, ಇಡ್ಲಿ, ಸೋಸಿದ ಬೇಳೆಕಟ್ಟು, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಮೊಟ್ಟೆ ತಿನ್ನಬಹುದು. ಹಿಂದಿನ ದಿನ ಮಧ್ಯಾಹ್ನದಿಂದ ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಚಹಾ ಮುಂತಾದ ತಿಳಿ ದ್ರವ ಮಾತ್ರ. ಕೆಂಪು ಬಣ್ಣದ ಪಾನೀಯ ಬೇಡ, ಒಳಗೆ ಅದು ರಕ್ತದಂತೆ ಕಾಣುತ್ತದೆ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ವಾರ ಮೊದಲೇ ನಿಲ್ಲಿಸಬೇಕು. ಅದು ಮಲವನ್ನು ಕಪ್ಪಾಗಿ ಜಿಗುಟು ಮಾಡುತ್ತದೆ.

ಪುಡಿಯನ್ನು ಅರ್ಧ ಹಿಂದಿನ ಸಂಜೆ, ಇನ್ನರ್ಧ ಬೆಳಗಿನ ಜಾವ ಕುಡಿಯಬೇಕು, ತಪಾಸಣೆಗೆ ಎರಡು ಗಂಟೆ ಮೊದಲು ಮುಗಿಸಿರಬೇಕು. ಎಲ್ಲವನ್ನೂ ಹಿಂದಿನ ರಾತ್ರಿಯೇ ಕುಡಿದು ಮುಗಿಸಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಇಳಿದ ಲೋಳೆ ಬಲಭಾಗದ ಕರುಳನ್ನು ಮತ್ತೆ ಮುಚ್ಚುತ್ತದೆ. ಕೊನೆಗೆ ಹೊರಬರುವುದು ತಿಳಿ ಹಳದಿ ನೀರಾಗಿರಬೇಕು. ಒಂಬತ್ತು ಗಂಟೆಗೆ ಅಲ್ಲಿರಬೇಕಾದವರು ಬೆಳಗಿನ ಅರ್ಧ ಪುಡಿ ಕುಡಿದು ಬಂಗಾರಪೇಟೆಯಿಂದ ರೈಲು ಹತ್ತುವುದು ಆಗದ ಮಾತು. ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲೋ ಆಸ್ಪತ್ರೆಯ ಹತ್ತಿರದ ಕೊಠಡಿಯಲ್ಲೋ ಉಳಿಯಿರಿ. ಅದಾಗದಿದ್ದರೆ ಮಧ್ಯಾಹ್ನದ ಸಮಯ ಕೊಡಿ ಎಂದು ಕೇಳಿ. ದೂರದಿಂದ ಬರುವವರಿಗೆ ಮಧ್ಯಾಹ್ನದ ಸಮಯ ಕೊಡಬೇಕೆಂದು ನಾನು ಸಹೋದ್ಯೋಗಿಗಳೊಡನೆ ವಾದಿಸುತ್ತಲೇ ಇದ್ದೇನೆ.

ಮಾತ್ರೆಗಳ ವಿಷಯ ಎಚ್ಚರಿಕೆಯದು. ಸ್ಟೆಂಟ್‌ಗಾಗಿ ತೆಗೆದುಕೊಳ್ಳುವ ಆಸ್ಪಿರಿನ್ ಅನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಕ್ಲೊಪಿಡೋಗ್ರೆಲ್ ಇದ್ದರೆ ಐದರಿಂದ ಏಳು ದಿನ ಮೊದಲು ನಿಲ್ಲಿಸುವುದುಂಟು, ಆದರೆ ಅದನ್ನು ಹೇಳಬೇಕಾದವರು ನಿಮ್ಮ ಹೃದಯ ತಜ್ಞರು. ನೀವಾಗಿ ಒಂದು ಮಾತ್ರೆಯನ್ನೂ ಬಿಡಬೇಡಿ. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೂರು ದಿನ ಮೊದಲೇ ನಿಲ್ಲಿಸುವ ಬಗ್ಗೆ ಕೇಳಿ. ಉಪವಾಸದಲ್ಲಿ ಅದರಿಂದ ರಕ್ತ ಆಮ್ಲೀಯವಾಗುವ ಅಪಾಯವಿದೆ. ದ್ರವಾಹಾರದ ದಿನ ಮಾಮೂಲಿ ಪ್ರಮಾಣದ ಇನ್ಸುಲಿನ್ ಚುಚ್ಚಿಕೊಂಡರೆ ಸಕ್ಕರೆ ಕುಸಿಯುತ್ತದೆ, ಎಷ್ಟು ಕಡಿಮೆ ಮಾಡಬೇಕೆಂದು ಬರೆಸಿಕೊಳ್ಳಿ.

ಪ್ರಶ್ನೆ: ಪಾಲಿಪ್ ತೆಗೆದ ಮೇಲೆ ಎಷ್ಟು ದಿನ ರೇಷ್ಮೆ ಹುಳು ಮನೆಯ ಕೆಲಸ ಬಿಡಬೇಕು?
(ಓದುಗಿ, ಕೋಲಾರ ತಾಲ್ಲೂಕು)

ಉತ್ತರ: ಮಂಪರು ಔಷಧಿ ಕೊಟ್ಟಿರುವುದರಿಂದ ಅಂದು ಪೂರ್ತಿ ವಿಶ್ರಾಂತಿ. ಸೊಪ್ಪು ಹಾಕುವಂಥ ಹಗುರ ಕೆಲಸವನ್ನು ಒಂದೆರಡು ದಿನದಲ್ಲಿ ಮಾಡಬಹುದು. ದೊಡ್ಡ ಪಾಲಿಪ್ ತೆಗೆದಿದ್ದರೆ ಹೊರೆ ಎತ್ತುವುದು, ದೂರದ ಪ್ರಯಾಣ ಒಂದೆರಡು ವಾರ ಬೇಡ. ತಡವಾಗಿ ಬರುವ ರಕ್ತಸ್ರಾವ ಎರಡು ವಾರದವರೆಗೂ ಕಾಣಿಸಬಹುದು. ಹೊಟ್ಟೆ ಗಟ್ಟಿಯಾಗಿ ನೋವು ಹೆಚ್ಚುತ್ತಾ ಹೋದರೆ, ಜ್ವರ ಬಂದರೆ, ಮತ್ತೆ ಮತ್ತೆ ರಕ್ತ ಹೋದರೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನ್ನ 30 ಮಿಲಿಮೀಟರಿನ ಪಾಲಿಪ್ ಅನ್ನು ನೀರು ತುಂಬಿ ತುಂಡುತುಂಡಾಗಿ ತೆಗೆದರು. ವರದಿಯಲ್ಲಿ ಕ್ಯಾನ್ಸರ್ ಇಲ್ಲ. ಆರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಈಗ ಯಾವ ತೊಂದರೆಯೂ ಇಲ್ಲ, ಹೋಗಲೇಬೇಕೇ?
(ಓದುಗರು, ಕೆಜಿಎಫ್)

ಉತ್ತರ: ಹೋಗಲೇಬೇಕು. ಕೈಮುಗಿದು ಕೇಳಿಕೊಳ್ಳುತ್ತೇನೆ. 20 ಮಿಲಿಮೀಟರ್ ದಾಟಿದವು ಹೆಚ್ಚಾಗಿ ತುಂಡುಗಳಾಗಿಯೇ ಬರುತ್ತವೆ. ಅದು ವೈದ್ಯರ ಕೊರತೆಯಲ್ಲ. ಆದರೆ ತುಂಡು ತುಂಡುಗಳ ನಡುವೆ ಕಣ್ಣಿಗೆ ಕಾಣದಷ್ಟು ಉಳಿದಿದ್ದರೆ ಅದು ಮತ್ತೆ ಚಿಗುರುತ್ತದೆ, ಚಿಗುರುವಾಗ ನೋವು ಕೊಡುವುದಿಲ್ಲ, ರಕ್ತವನ್ನೂ ಹರಿಸುವುದಿಲ್ಲ. ಆರು ತಿಂಗಳಿಗೆ ಸಿಕ್ಕರೆ ಅದು ಕೆಲವು ಮಿಲಿಮೀಟರ್ ಮಾತ್ರ ಇರುತ್ತದೆ, ಅದೇ ಕೂತಲ್ಲಿ ತೆಗೆಯಬಹುದು. ಕಲೆ ಕಟ್ಟಿದ ಇಂಥ ಜಾಗದಲ್ಲಿ ಚುಚ್ಚಿದರೆ ಏಳುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಅಲ್ಲೂ ನೀರು ಕೈ ಹಿಡಿಯುತ್ತದೆ. ಮೂರು ನಾಲ್ಕು ವರ್ಷ ಬಿಟ್ಟು ಬಂದವರಿಗೆ ಆ ಅನುಕೂಲ ಇರುವುದಿಲ್ಲ. ಖರ್ಚು ಕಾರಣವಾಗಿದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ವಿಚಾರಿಸಿ. ಹಾಲಿನ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡಿನ ಬಗ್ಗೆಯೂ ಕೇಳಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ಕಾಯಿಲೆಗಳಿಗೇ ಮೀಸಲಾದ ಸರ್ಕಾರಿ ಸಂಸ್ಥೆ ಇದೆ.

ಪ್ರಶ್ನೆ: ನಮ್ಮ ತಾಯಿಗೆ 47ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿದು ಶಸ್ತ್ರಚಿಕಿತ್ಸೆ ಆಯಿತು. ಈಗ ಚೆನ್ನಾಗಿದ್ದಾರೆ. ನನಗೆ 34, ಅಣ್ಣನಿಗೆ 39. ನಾವೂ ನೋಡಿಸಿಕೊಳ್ಳಬೇಕೇ?
(ಓದುಗಿ, ಶ್ರೀನಿವಾಸಪುರ)

ಉತ್ತರ: ನೋಡಿಸಿಕೊಳ್ಳಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ 60ರೊಳಗೆ ಈ ಕ್ಯಾನ್ಸರ್ ಬಂದಿದ್ದರೆ, 40ನೇ ವಯಸ್ಸಿನಿಂದ ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲಿನಿಂದ, ಯಾವುದು ಮೊದಲೋ ಆಗಿನಿಂದ ಕೊಲೊನೋಸ್ಕೋಪಿ ಆರಂಭಿಸಿ ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ನಿಮ್ಮ ಮನೆಯ ಲೆಕ್ಕದಲ್ಲಿ ಅದು 37. ಅಣ್ಣ ಈಗಲೇ ಹೋಗಬೇಕು, ನಿಮಗೆ ಮೂರು ವರ್ಷ ಸಮಯವಿದೆ. ರಕ್ತ ಕಂಡರೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದರೆ ಆ ಮೂರು ವರ್ಷ ಕಾಯಬಾರದು.

ಅದಕ್ಕೂ ಮೊದಲು ಒಂದು ಕೆಲಸವಿದೆ. 50ರೊಳಗೆ ಈ ಕ್ಯಾನ್ಸರ್ ಬಂದವರಲ್ಲಿ ಕೆಲವರಿಗೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷ ಇರುತ್ತದೆ. ಇದ್ದರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧದಷ್ಟು, ಬಂದಿದ್ದರೆ ತಪಾಸಣೆಯನ್ನು ಒಂದೆರಡು ವರ್ಷಕ್ಕೊಮ್ಮೆ, ಬಹಳ ಚಿಕ್ಕ ವಯಸ್ಸಿನಿಂದಲೇ ಮಾಡಿಸಬೇಕಾಗುತ್ತದೆ. ಆಗ ನನ್ನ 37ರ ಲೆಕ್ಕ ನಡೆಯುವುದಿಲ್ಲ. ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಮ್ಮನ ಗಡ್ಡೆಯ ತುಣುಕನ್ನು ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ. ಲಿಂಚ್ ದೋಷದ ಸುಳಿವು ಕೊಡುವ ಪ್ರೋಟೀನ್ ಪರೀಕ್ಷೆಯನ್ನು ಆ ತುಣುಕಿನ ಮೇಲೆ ಮಾಡಿದ್ದಾರೆಯೇ ಎಂದು ಕೇಳಿ, ಮಾಡಿಲ್ಲದಿದ್ದರೆ ಮಾಡಿಸಿ. ಅಣ್ಣ ಕೊಲೊನೋಸ್ಕೋಪಿಗೆ ಹೋಗುವಾಗ ಆ ವರದಿಯ ನಕಲು ಅವರ ಕೈಯಲ್ಲಿರಲಿ.